ದಾರವನ್ನು ಹಡಗಿಗೆ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಹಡಗು ಮುಳುಗಿದ ಸುದ್ದಿಗಳಲ್ಲಿ ‘ಉಪಗ್ರಹದ ಮೂಲಕ ಅಪಾಯದ ಸಂದೇಶ ಬಂತು’ ಎಂಬ ಒಂದು ಸಾಲು ಇರುತ್ತದೆ, ಇಲ್ಲವೇ ‘ಬರಲಿಲ್ಲ’ ಎಂದಿರುತ್ತದೆ. ಏಕೆ ಬರಲಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಆ ಸಂದೇಶ ಕಳಿಸುವ, ಹಡಗಿನಲ್ಲಿ ಕೂರಿಸಿಟ್ಟ ಪುಟ್ಟ ರೇಡಿಯೊ ಸಾಧನವಾದ ಇಪಿಐಆರ್‌ಬಿ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಹೊತ್ತು ಮಿಡಿಯುತ್ತದೆ. ಕಾಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯ ಉಪಗ್ರಹಗಳು ಅದನ್ನು ಹಿಡಿದು ರಕ್ಷಣಾ ಕೇಂದ್ರಕ್ಕೆ ಮುಟ್ಟಿಸುತ್ತವೆ. ಬ್ಯಾಟರಿ ಕನಿಷ್ಠ 48 ಗಂಟೆ ಬರಬೇಕು. ಒಳಗೆ ಜಿಪಿಎಸ್ ಇದ್ದರೆ ಹುಡುಕಬೇಕಾದ ಜಾಗ ನೂರಾರು ಮೀಟರಿಗೆ ಇಳಿಯುತ್ತದೆ; ಇಲ್ಲದಿದ್ದರೆ ಕೆಲವು ಕಿಲೋಮೀಟರ್.

ಯಂತ್ರ ಸರಿಯಿದ್ದೂ ಕೈಕೊಡುವುದು ಹೆಚ್ಚಾಗಿ ಕೂರಿಸಿದ ರೀತಿಯಿಂದ. ಹಡಗು ಮುಳುಗಿ 1.5ರಿಂದ 4 ಮೀಟರ್ ಆಳಕ್ಕೆ ಹೋದಾಗ ನೀರಿನ ಒತ್ತಡಕ್ಕೆ, ಬೀಕನ್ ಇರುವ ಪೆಟ್ಟಿಗೆಯನ್ನು ತಾನಾಗಿ ಬಿಡಿಸುವ ಹೈಡ್ರೋಸ್ಟ್ಯಾಟಿಕ್ ರಿಲೀಸ್‌ನ ಅಲಗು ಚಿಮ್ಮಿ, ಪ್ಲಾಸ್ಟಿಕ್ ಬೋಲ್ಟನ್ನು ಕತ್ತರಿಸುತ್ತದೆ. ಮುಚ್ಚಳ ಹಾರಿ ಬೀಕನ್ ತೇಲಿ ಮೇಲೆ ಬರುತ್ತದೆ. ಈ ಬಿಡಿಭಾಗದ ಆಯುಸ್ಸು ಸಾಮಾನ್ಯವಾಗಿ ಎರಡೇ ವರ್ಷ; ಮುಗಿಯುವ ದಿನಾಂಕ ಅದರ ಮೇಲೆಯೇ ಇರುತ್ತದೆ. ಆದರೆ ಅದರ ಮೇಲೆ ಬಣ್ಣ ಬಳಿದಿರುತ್ತಾರೆ. ಅಲುಗಾಡದಿರಲೆಂದು ಪೆಟ್ಟಿಗೆಗೆ ಹಗ್ಗ ಸುತ್ತಿರುತ್ತಾರೆ. ಚಾವಣಿಯ ಕೆಳಗೆ ಕೂರಿಸಿದ್ದರೆ ಬೀಕನ್ ಕಳಚಿಕೊಂಡರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಬೀಕನ್‌ನ ದಾರವನ್ನು ಹಡಗಿನ ಕಂಬಿಗೆ ಕಟ್ಟುವುದು. ಹಡಗಿನ ಜೊತೆ ಅದೂ ತಳ ಸೇರುತ್ತದೆ, ನೀರಿನಡಿಯಿಂದ ಸಂಕೇತ ಮೇಲೆ ಬರುವುದಿಲ್ಲ. ಆ ದಾರ ಇರುವುದು ಜೀವರಕ್ಷಕ ತೆಪ್ಪಕ್ಕೆ ಕಟ್ಟಲು.

ನೋಂದಣಿಯೂ ಅಷ್ಟೇ ಮುಖ್ಯ. ಪ್ರತಿ ಬೀಕನ್‌ಗೂ 15 ಅಕ್ಷರ-ಅಂಕಿಗಳ ಗುರುತಿದೆ. ಸಂದೇಶ ಬಂದೊಡನೆ ರಕ್ಷಣಾ ಕೇಂದ್ರ ಆ ಗುರುತಿನ ಮುಂದಿರುವ ಫೋನ್ ಸಂಖ್ಯೆಗೆ ಕರೆ ಮಾಡುತ್ತದೆ. ಹಡಗು ಕೈಬದಲಾಗಿ, ಹಳೆಯ ಮಾಲೀಕರ ಸಂಖ್ಯೆಯೇ ಉಳಿದಿದ್ದರೆ ಎಷ್ಟು ಜನರಿದ್ದಾರೆ, ಎತ್ತ ಹೊರಟಿದ್ದರು ಎಂದು ಹೇಳುವವರೇ ಇರುವುದಿಲ್ಲ. ಬರುವ ಸಂದೇಶಗಳಲ್ಲಿ ಬಹುಪಾಲು ಸುಳ್ಳು ಕರೆಗಳೇ ಆಗಿರುವುದರಿಂದ ಈ ವಿಚಾರಣೆ ತಪ್ಪದು. ಕೈತಪ್ಪಿ ಚಾಲೂ ಆದರೆ ಸುಮ್ಮನೆ ಆರಿಸಿ ಇಡಬೇಡಿ, ಕೇಂದ್ರಕ್ಕೆ ತಿಳಿಸಿ. ಪರೀಕ್ಷೆಗೆ ಟೆಸ್ಟ್ ಗುಂಡಿಯನ್ನೇ ಬಳಸಿ.

ತೆಪ್ಪ ಹತ್ತಿದ ಮೇಲೆ ಬೀಕನ್ನನ್ನು ಆಂಟೆನಾ ನೆಟ್ಟಗಿರುವಂತೆ ಪಕ್ಕದ ನೀರಿನಲ್ಲಿ ತೇಲಬಿಡಿ. ಬ್ಯಾಟರಿ ಉಳಿಸಲೆಂದು ನಡುನಡುವೆ ಆರಿಸಬೇಡಿ. ಹತ್ತಿರ ಬಂದ ವಿಮಾನ ಕೊನೆಯ ದೂರವನ್ನು ಕ್ರಮಿಸುವುದು ಅದೇ ಬೀಕನ್‌ನ 121.5 ಮೆಗಾಹರ್ಟ್ಸ್ ಸಂಕೇತದ ಜಾಡು ಹಿಡಿದು.

– ಹಡಗು ರೇಡಿಯೊ ತಂತ್ರಜ್ಞರು