ಮಗಳಿಗೊಂದು ಪತ್ರ: ಪ್ಲಾನ್ ಅಂದರೆ ಒಂದು ಹಾಳೆಯಲ್ಲ

ಪ್ರೀತಿಯ ಪುಟ್ಟಿ,

ಮೈಸೂರಿನ ಸೈಟು ರಿಜಿಸ್ಟರ್ ಆಯ್ತು, ಆಷಾಢ ಕಳೆದ ಮೇಲೆ ಗುದ್ದಲಿ ಪೂಜೆಗೆ ದಿನ ನೋಡಿಸ್ತಾರೆ ಅಂದೆ. ಸಂತೋಷ. ಆದರೆ ‘ಕಂಟ್ರಾಕ್ಟರೇ ಪ್ಲಾನ್ ಫ್ರೀಯಾಗಿ ಹಾಕಿಸಿಕೊಡ್ತಾರಂತೆ ಅಮ್ಮ’ ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ಅಳತೆ ಒಂದೂ ನಿಲ್ಲೋದಿಲ್ಲ.

ಫ್ರೀಯಾಗಿ ಬರೋದು ಪರವಾನಗಿಗೆ ಬೇಕಾದ ಹಾಳೆ ಮಾತ್ರ. ಕಚೇರಿಯವರು ಅದರಲ್ಲಿ ನೋಡೋದು ಸುತ್ತ ಬಿಟ್ಟ ಜಾಗ, ಎತ್ತರ, ವಿಸ್ತೀರ್ಣ ಇಷ್ಟನ್ನೇ. ಬಚ್ಚಲಿನ ನೀರು ಎಲ್ಲಿ ಇಳಿಯುತ್ತೆ, ಪಿಲ್ಲರಿಗೆ ಎಷ್ಟು ಕಂಬಿ, ಗೀಸರ್ ಪಾಯಿಂಟ್ ಯಾವ ಗೋಡೆಗೆ ಅನ್ನೋದು ಅದರಲ್ಲಿ ಇರೋದಿಲ್ಲ. ಇಲ್ಲದ್ದನ್ನೆಲ್ಲ ಮೇಸ್ತ್ರಿ ಸ್ಥಳದಲ್ಲೇ ತೀರ್ಮಾನ ಮಾಡ್ತಾನೆ, ಮತ್ತು ಹಾಳೆಯಲ್ಲಿ ಇಲ್ಲದ್ದಕ್ಕೆಲ್ಲ ಕಂಟ್ರಾಕ್ಟರ್ ‘ಎಕ್ಸ್‌ಟ್ರಾ’ ಅಂತ ಬಿಲ್ ಬರೀತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಬರೆದು ಕೊಡದಿದ್ದರೆ ಯಾರಾದರೂ ಹಾಗೇ ಮಾಡೋದು.

ನೀನು ದುಡ್ಡು ಕೊಟ್ಟು ಕೊಳ್ಳಬೇಕಾದ್ದು ಇಡೀ ಸೆಟ್ಟು. ಸೈಟಿನ ಅಳತೆ ನಕ್ಷೆ, ಮಂಚ ಸೋಫಾ ಸಮೇತ ತೋರಿಸಿದ ನೆಲ ಮತ್ತು ಮೊದಲ ಮಹಡಿಯ ಪ್ಲಾನು, ಕನಿಷ್ಠ ಎರಡು ಸೆಕ್ಷನ್ನು (ಮನೆಯನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸೋ ಚಿತ್ರ; ಅದರಲ್ಲೊಂದು ಮೆಟ್ಟಿಲಿನ ಮೂಲಕವೇ ಹಾಯಬೇಕು), ನಾಲ್ಕೂ ಕಡೆಯ ಎಲಿವೇಷನ್ನು (ಹೊರನೋಟ), ಸೆಂಟರ್‌ಲೈನ್ ಮಾರ್ಕಿಂಗು (ನೆಲದ ಮೇಲೆ ಗೋಡೆ, ಪಿಲ್ಲರಿನ ಗೆರೆ ಹಾಕೋ ನಕ್ಷೆ), ಫುಟಿಂಗ್ (ಪಿಲ್ಲರಿನ ಅಡಿಪಾಯ), ಪ್ಲಿಂತ್ ಬೀಮು (ಪಾಯದ ಮೇಲಿನ ತೊಲೆ), ಪಿಲ್ಲರ್ ಪಟ್ಟಿ, ಪ್ರತಿ ಮೋಲ್ಡಿನ (ಮಹಡಿಯ ಸ್ಲ್ಯಾಬಿನ) ಕಂಬಿ ವಿವರ, ಬಾಗಿಲು ಕಿಟಕಿ ಪಟ್ಟಿ, ಎಲೆಕ್ಟ್ರಿಕಲ್, ಪ್ಲಂಬಿಂಗ್, ಬಚ್ಚಲು ಮತ್ತು ಅಡುಗೆಮನೆಯ ದೊಡ್ಡ ಸ್ಕೇಲಿನ ವಿವರ. ಎರಡು ಮಹಡಿಯ ಮನೆಗೆ ಇಪ್ಪತ್ತು ಇಪ್ಪತ್ತೈದು ಹಾಳೆ ಸಹಜವಾಗಿಯೇ ಆಗುತ್ತೆ. ಪರವಾನಗಿ ಹಾಳೆ ಸಾಮಾನ್ಯವಾಗಿ 1:100ರಲ್ಲಿ (ನೆಲದ 100 ಸೆಂಟಿಮೀಟರ್ ಹಾಳೆಯಲ್ಲಿ 1) ಇರುತ್ತೆ. ಕೆಲಸದ ಹಾಳೆ 1:50ರಲ್ಲಿ, ಬಚ್ಚಲಿನಂಥ ವಿವರ 1:20ರಲ್ಲಿ ಬೇಕು ಅಂತ ಕೇಳು.

ಇನ್ನು ಯಾರ ಹತ್ತಿರ ಹೋಗೋದು? 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇದ್ದವರು ಮಾತ್ರ ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಿಕೊಳ್ಳಬಹುದು. ನೋಂದಣಿ ಸಂಖ್ಯೆ ‘ಸಿಎ’ ಅಂತ ಶುರುವಾಗುತ್ತೆ. ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ ನೋಡಬಹುದು. ಮನೆ ಡಿಸೈನ್ ಮಾಡುವ ಸಿವಿಲ್ ಎಂಜಿನಿಯರುಗಳೂ ಬೇಕಾದಷ್ಟಿದ್ದಾರೆ. ಅವರಿಗೆ ನಿಮ್ಮ ಪಾಲಿಕೆ ಅಥವಾ ಪ್ರಾಧಿಕಾರದ ನೋಂದಣಿ ಇದೆಯೇ ಕೇಳು. ನಿಮ್ಮ 30×40 ಅಡಿ ಸೈಟಿಗೆ ಒಳ್ಳೆಯ ಸಿವಿಲ್ ಎಂಜಿನಿಯರೂ ಸಾಕು ಅನ್ನೋದು ನನ್ನ ಅಭಿಪ್ರಾಯ. ಬೆಳಕು, ಗಾಳಿ, ಇಕ್ಕಟ್ಟಿನ ಜಾಗ ನಿಭಾಯಿಸೋದರಲ್ಲಿ ಒಳ್ಳೆಯ ಆರ್ಕಿಟೆಕ್ಟ್ ಒಂದು ಕೈ ಮೇಲೆ. ಇಬ್ಬರಲ್ಲಿ ಯಾರೇ ಆಗಲಿ, ಕಂಬಿ ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇರೆ ಬೇಕು, ಅವರ ಹೆಸರು ಮತ್ತು ಸಹಿ ಆ ಹಾಳೆಗಳ ಮೇಲೆ ಇರಬೇಕು. ‘ನಮ್ಮ ಆಫೀಸಲ್ಲೇ ಮಾಡ್ಕೊಡ್ತೀವಿ’ ಅಂದರೆ, ಯಾರು ಅಂತ ಕೇಳು.

ಅವರು ಮಾಡಿದ ಹೊಸ ಮನೆ ನೋಡಬೇಡ, ಮೂರ್ನಾಲ್ಕು ಮಳೆಗಾಲ ಕಂಡ ಮನೆ ನೋಡು. ಬಚ್ಚಲಿನ ಹೊರಗೋಡೆ, ಸಜ್ಜಾದ ಕೆಳಗೆ, ಟೆರೇಸಿನ ಪ್ಯಾರಪೆಟ್ ಸೇರುವ ಜಾಗ ಒದ್ದೆಯಾಗಿದೆಯೇ ನೋಡಿದರೆ ಸಾಕು. ಆ ಮನೆಯ ಪ್ಲಂಬಿಂಗ್ ಹಾಳೆ ತೋರಿಸಿ ಅಂತಲೂ ಕೇಳು. ಮೂರು ಆಯಾಮದ ಬಣ್ಣದ ಚಿತ್ರ ಎಲ್ಲರ ಹತ್ತಿರವೂ ಇರುತ್ತೆ, ಪ್ಲಂಬಿಂಗ್ ಹಾಳೆ ಕೆಲವರ ಹತ್ತಿರ ಮಾತ್ರ.

ಮೊದಲ ಭೇಟಿಗೆ ಕ್ರಯಪತ್ರ, ಇ-ಖಾತೆ, ಇಸಿ (ಋಣಭಾರ ಪತ್ರ), ಕಂದಾಯ ರಸೀದಿ ತಗೊಂಡು ಹೋಗು. ಪತ್ರದಲ್ಲಿ 30×40 ಅಂತ ಇದ್ದ ಮಾತ್ರಕ್ಕೆ ನೆಲದ ಮೇಲೂ ಅಷ್ಟೇ ಇರಬೇಕು ಅಂತಿಲ್ಲ. ನಾಲ್ಕೂ ಬದಿ ಮತ್ತು ಎರಡೂ ಕರ್ಣ ಟೇಪು ಹಿಡಿದು ಅಳೆಸಿ. ಸರಿಯಾದ 30×40 ಆದರೆ ಕರ್ಣ ಎರಡೂ 50 ಅಡಿ ಬರಬೇಕು. ಒಂದು 50, ಇನ್ನೊಂದು 49 ಬಂದರೆ ಸೈಟು ಸೊಟ್ಟ ಅಂತ ಅರ್ಥ. ಅದನ್ನು ಈಗಲೇ ಪ್ಲಾನಿನಲ್ಲಿ ಹೊಂದಿಸಬೇಕು, ಪಾಯ ತೋಡಿದ ದಿನ ಗೊತ್ತಾದರೆ ಪಕ್ಕದವರ ಜೊತೆ ಜಗಳ. ರಸ್ತೆ ಮತ್ತು ಚರಂಡಿಯ ಮಟ್ಟ, ಕರೆಂಟ್ ಕಂಬ, ಪಕ್ಕದ ಮನೆಯ ಕಿಟಕಿ ಎಲ್ಲಿದೆ ಅನ್ನೋದೂ ಆ ನಕ್ಷೆಯಲ್ಲಿ ಇರಲಿ.

ವಾಸ್ತು ನೋಡಿಸೋದಿದ್ದರೆ ಒಬ್ಬರನ್ನೇ ಕೇಳಿ, ಮೊದಲೇ ಕೇಳಿ. ಆಗ್ನೇಯಕ್ಕೆ ಅಡುಗೆಮನೆ, ನೈಋತ್ಯಕ್ಕೆ ದೊಡ್ಡ ರೂಮು, ಈಶಾನ್ಯಕ್ಕೆ ಸಂಪು ಇಷ್ಟನ್ನು ಡಿಸೈನರ್ ಮೊದಲ ಗೆರೆಯಲ್ಲೇ ಹೊಂದಿಸ್ತಾರೆ. ಕೆಲಸ ಕೆಡೋದು ಕೊನೆಗೆ ಯಾರೋ ಬಂದು ಆಯ (ವಾಸ್ತುವಿನ ಉದ್ದ ಅಗಲದ ಲೆಕ್ಕ) ಸರಿಯಿಲ್ಲ, ನಾಲ್ಕು ಇಂಚು ಕಡಿಮೆ ಮಾಡಿ ಅಂದಾಗ. ಆ ನಾಲ್ಕು ಇಂಚಿಗೆ ಪಿಲ್ಲರಿನ ಜಾಗ, ಬೀಮಿನ ಉದ್ದ, ಕಂಬಿಯ ಲೆಕ್ಕ ಎಲ್ಲ ಮತ್ತೆ ಆಗಬೇಕು.

ಈಗ ನಿಮ್ಮ ಸೈಟನ್ನೇ ತಗೊಳ್ಳೋಣ. ಎಷ್ಟು ಬಿಡಬೇಕು ಅನ್ನೋದನ್ನು ನಿಮ್ಮ ಕಚೇರಿಯ ನಿಯಮ ಹೇಳುತ್ತೆ. ಲೆಕ್ಕಕ್ಕೆ ಪಕ್ಕಗಳಲ್ಲಿ 3, ಹಿಂದೆ 3, ಮುಂದೆ 5 ಅಡಿ ಅಂತ ಇಟ್ಟುಕೋ. ಉಳಿಯೋದು 24×32, ಅಂದರೆ 768 ಚದರ ಅಡಿ, ಮೇಸ್ತ್ರಿ ಭಾಷೆಯಲ್ಲಿ (100 ಚದರ ಅಡಿಗೆ ಒಂದು ಚದರ) ಒಂದು ಮಹಡಿಗೆ ಏಳೂಮುಕ್ಕಾಲು ಚದರಕ್ಕೆ ಸ್ವಲ್ಪ ಕಡಿಮೆ. (ಇದರ ಕರ್ಣ ಸರಿಯಾಗಿ 40 ಅಡಿ, ಮಾರ್ಕಿಂಗ್ ದಿನ ನೆನಪಿಟ್ಟುಕೋ.) ಅಗಲದಲ್ಲಿ ಎರಡು ರೂಮು ಬಂದರೆ, 8 ಇಂಚಿನ ಎರಡು ಹೊರಗೋಡೆ, 6 ಇಂಚಿನ ಒಂದು ಒಳಗೋಡೆ, ನಾಲ್ಕು ಮುಖದ ಪ್ಲಾಸ್ಟರಿಂಗು ಅರ್ಧರ್ಧ ಇಂಚು, ಒಟ್ಟು ಎರಡಡಿ ಹೋಯ್ತು. ಕೈಗೆ ಸಿಗೋದು 22 ಅಡಿ, ರೂಮಿಗೆ 11. ಪ್ಲಾನಿನಲ್ಲಿ ‘12×12’ ಅಂತ ಬರೆದಿದ್ದರೆ ಗೋಡೆ ಸೇರಿಸಿ ಬರೆದಿದ್ದಾರೆ. ಒಳ ಅಳತೆಯೇ ಬರೆಯಿರಿ ಅಂತ ಮೊದಲ ದಿನವೇ ಹೇಳು.

ಆ 11 ಅಡಿ ಗೋಡೆಗೆ 6 ಅಡಿ ಅಗಲದ ಮಂಚ ಹಾಕಿ, ಪಕ್ಕದ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬು ಕೂರಿಸಿದರೆ ಉಳಿಯೋದು 3 ಅಡಿ. ಎರಡೂ ಕಡೆ ಹಂಚಿದರೆ ಒಂದೂವರೆ ಅಡಿ, ವಾರ್ಡ್‌ರೋಬಿನ ಬಾಗಿಲು ಪೂರ್ತಿ ತೆರೆಯೋದೂ ಕಷ್ಟ. ಹಾಗಾಗಿ ವಾರ್ಡ್‌ರೋಬು ಮಂಚದ ಕಾಲಿನ ಕಡೆಯ ಗೋಡೆಗೆ ಹೋಗಬೇಕು, ಆಗ ರೂಮಿನ ಉದ್ದ 12 ಅಡಿ ಬೇಕೇ ಬೇಕು. ಮಂಚದ ಜಾಗ ಗೊತ್ತಾದ ಮೇಲೇ ಕಿಟಕಿ, ಬಾಗಿಲು, ಸ್ವಿಚ್‌ಬೋರ್ಡು ಎಲ್ಲವೂ ಗೊತ್ತಾಗೋದು. ಅದಕ್ಕೇ ಪೀಠೋಪಕರಣ ಇಲ್ಲದ ಪ್ಲಾನಿಗೆ ಒಪ್ಪಿಗೆ ಕೊಡಬೇಡ.

ಕಾರಿಗೆ ಸುಮಾರು 9×16 ಅಡಿ ಬೇಕು. ಮುಂದೆ ಬಿಟ್ಟದ್ದು 5 ಅಡಿ, ಉಳಿದ 11 ಅಡಿ ಮನೆಯ ಒಳಗಿಂದಲೇ ಬರಬೇಕು, ಅಂದರೆ ನೆಲಮಹಡಿಯಲ್ಲಿ ಒಂದು ಚದರ ಹೋಯ್ತು. ಪೂರ್ವದ ರಸ್ತೆ, ಆಗ್ನೇಯದಲ್ಲಿ ಅಡುಗೆಮನೆ ಅಂದಮೇಲೆ ಕಾರು ಈಶಾನ್ಯಕ್ಕೆ ಬರುತ್ತೆ, ಸಂಪು ಅದರ ಕೆಳಗೆ. ಸಂಪಿನ ಮುಚ್ಚಳದ ಸ್ಲ್ಯಾಬು ಕಾರಿನ ಭಾರಕ್ಕೆ ಲೆಕ್ಕ ಹಾಕಿದ್ದಾಗಿರಬೇಕು, ಬಾಯಿ ಚಕ್ರ ಹಾಯುವ ಗೆರೆಯಿಂದ ಆಚೆಗಿರಬೇಕು. ಇದನ್ನು ಹಾಳೆಯ ಮೇಲೆ ಬರೆಸದಿದ್ದರೆ ಯಾರೂ ಮಾಡೋದಿಲ್ಲ. 8×6×6 ಅಡಿಯ ಸಂಪಿಗೆ 8,000 ಲೀಟರ್ ಹಿಡಿಯುತ್ತೆ. ಮಳೆನೀರಿನ ಪೈಪನ್ನೂ ಇದೇ ಹಾಳೆಯಲ್ಲಿ ತೋರಿಸಲಿ. ವರ್ಷಕ್ಕೆ 800 ಮಿಲಿಮೀಟರ್ ಮಳೆ ಬಂದರೆ ನಿಮ್ಮ ಸೂರಿನಿಂದ 40,000 ಲೀಟರಿಗೂ ಹೆಚ್ಚು ಹಿಡಿಯಬಹುದು.

ಅತಿ ಹೆಚ್ಚು ತಪ್ಪಾಗೋದು ಮೆಟ್ಟಿಲಿನಲ್ಲಿ. ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ, ಅಂದರೆ 126 ಇಂಚು ಅಂತಿಟ್ಟುಕೋ. ಒಂದೊಂದು ಮೆಟ್ಟಿಲಿನ ಎತ್ತರ (ರೈಸರು) 7 ಇಂಚು ಅಂದರೆ 18 ರೈಸರು, ಮಧ್ಯದ ಲ್ಯಾಂಡಿಂಗಿನವರೆಗೆ 9, ಅಲ್ಲಿಂದ ತಿರುಗಿ ಮೇಲಕ್ಕೆ 9. ಒಂದು ಕಡೆಗೆ ಕಾಲಿಡುವ ಟ್ರೆಡ್ಡು 8, ಒಂದೊಂದು 10 ಇಂಚು, ಒಟ್ಟು 6 ಅಡಿ 8 ಇಂಚು. ಲ್ಯಾಂಡಿಂಗಿಗೆ 3 ಅಡಿ ಸೇರಿಸಿದರೆ ಉದ್ದ 9 ಅಡಿ 8 ಇಂಚು. ಹತ್ತುವ ಮುಂಚೆ ನಿಲ್ಲುವ ಜಾಗ ಇನ್ನೂ ಬೇರೆ. ಅಗಲ 3 ಅಡಿ ಎರಡು ಸಲ, ಮಧ್ಯೆ 6 ಇಂಚು, ಆರೂವರೆ ಅಡಿ. ಹಾಲ್ ದೊಡ್ಡದು ಕಾಣಲಿ ಅಂತ ಡ್ರಾಫ್ಟ್ಸ್‌ಮನ್ ಇದನ್ನು ಎಂಟೂವರೆ ಅಡಿ ಉದ್ದಕ್ಕೆ ಒತ್ತಿದರೆ ಏನಾಗುತ್ತೆ? ಲ್ಯಾಂಡಿಂಗ್ ಎರಡೂವರೆ ಅಡಿಗೆ ಇಳಿಯುತ್ತೆ, ಟ್ರೆಡ್ಡು ಒಂದು ಕಡೆಗೆ 7 ಆಗುತ್ತೆ, ರೈಸರು 16 ಆಗುತ್ತೆ. ಒಂದೊಂದರ ಎತ್ತರ ಸುಮಾರು 7.9 ಇಂಚು. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳಿಗೆ ಹೇಳೋ ಮಿತಿ 190 ಮಿಲಿಮೀಟರ್, ಏಳೂವರೆ ಇಂಚು. ನಿಮ್ಮ ಅತ್ತೆಯವರ ಮಂಡಿಗೆ ಅದು ಮೊದಲ ವಾರದಲ್ಲೇ ಗೊತ್ತಾಗುತ್ತೆ. ‘ಮೆಟ್ಟಿಲ ಕೆಳಗೆ ಒಂದು ಟಾಯ್ಲೆಟ್’ ಅಂತ ಬರೆದಿದ್ದರೆ ಅದನ್ನೂ ಲೆಕ್ಕ ಹಾಕು. 9 ರೈಸರ್ ಅಂದರೆ 63 ಇಂಚು, ಸ್ಲ್ಯಾಬಿನ ದಪ್ಪ 6 ತೆಗೆದರೆ ಲ್ಯಾಂಡಿಂಗ್ ಕೆಳಗೆ ಸಿಗೋದು 4 ಅಡಿ 9 ಇಂಚು. ಯುಪಿಎಸ್ ಬ್ಯಾಟರಿ ಇಡಬಹುದು, ಮನುಷ್ಯ ನಿಲ್ಲೋಕಾಗಲ್ಲ.

ಪ್ಲಾನ್ ಒಪ್ಪಿಗೆಯಾದ ಮೇಲೆ ಸ್ಟ್ರಕ್ಚರಲ್ ಕೆಲಸ. ಅದಕ್ಕೆ ಮುಂಚೆ ಐದಾರು ಅಡಿ ಗುಂಡಿ ತೋಡಿಸಿ ಮಣ್ಣು ನೋಡಿಸಿ. ಮೈಸೂರಲ್ಲಿ ಕೆಂಪು ಮಣ್ಣೇ ಹೆಚ್ಚು, ಆದರೆ ತುಂಬಿಸಿದ ಮಣ್ಣೋ ಕಪ್ಪು ಮಣ್ಣೋ ಸಿಕ್ಕರೆ ಪರೀಕ್ಷೆಯಿಲ್ಲದೆ ಫುಟಿಂಗ್ ಸೈಜು ಬರೆಯೋಕೆ ಬಿಡಬೇಡಿ. ಮುಂದೆ ಇನ್ನೊಂದು ಮಹಡಿ ಎಬ್ಬಿಸೋ ಯೋಚನೆ ಇದ್ದರೆ ಈಗಲೇ ಹೇಳಬೇಕು, ಪಾಯ ಆಮೇಲೆ ದಪ್ಪ ಆಗೋದಿಲ್ಲ. ಹಾಳೆಯ ಮೂಲೆಯಲ್ಲಿ ಎಷ್ಟು ಮಹಡಿಗೆ ಲೆಕ್ಕ ಹಾಕಿದೆ, ಮಣ್ಣಿನ ಸಾಮರ್ಥ್ಯ ಎಷ್ಟು ಹಿಡಿದಿದೆ, ಕಾಂಕ್ರೀಟು ಯಾವ ದರ್ಜೆ (ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಎಂ20ಗಿಂತ ಕಡಿಮೆ ಕೂಡದು), ಕಂಬಿಯ ಹೊರಗೆ ಕಾಂಕ್ರೀಟಿನ ಕವರ್ ಎಷ್ಟು ಅಂತ ಇರಬೇಕು. ಫುಟಿಂಗಿಗೆ 50, ಪಿಲ್ಲರಿಗೆ 40, ಸ್ಲ್ಯಾಬಿಗೆ 20 ಮಿಲಿಮೀಟರ್ ಅಂತ ನೋಡಿಕೋ. ಒಂದು ಸಲ ಈ ಹಾಳೆ ಮತ್ತು ನೆಲದ ಪ್ಲಾನು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡು. 6 ಇಂಚಿನ ಗೋಡೆಯಲ್ಲಿ 9 ಇಂಚಿನ ಪಿಲ್ಲರ್ ಬಂದರೆ 3 ಇಂಚು ಎಲ್ಲೋ ಆಚೆ ಚಾಚುತ್ತೆ. ಅದು ವಾರ್ಡ್‌ರೋಬಿನ ಒಳಗೆ ಅಡಗಲಿ, ಹಾಲಿನ ನಡುವೆ ಬೇಡ. ಬೀಮು ಹಾಲಿನ ಅಡ್ಡಕ್ಕೆ ಇಳಿಯುತ್ತಾ ಅನ್ನೋದೂ ಆಗಲೇ ಕಾಣುತ್ತೆ.

ಎಲೆಕ್ಟ್ರಿಕಲ್, ಪ್ಲಂಬಿಂಗ್ ಹಾಳೆ ಮೊದಲ ಮೋಲ್ಡ್ ಹಾಕೋ ಮುಂಚೆ ಕೈಯಲ್ಲಿರಬೇಕು. ಫ್ಯಾನ್ ಬಾಕ್ಸ್, ಪೈಪು ಎಲ್ಲ ಕಂಬಿ ಕಟ್ಟಿದಾಗಲೇ ಕೂರಬೇಕಾದ್ದು. ತಡವಾದರೆ ಗೋಡೆ ಕೊರೀತಾರೆ, ಬೀಮಿಗೂ ಡ್ರಿಲ್ ಇಡ್ತಾರೆ. ಬಚ್ಚಲು ಯಾವುದು, ಸ್ಲ್ಯಾಬು ಎಷ್ಟು ತಗ್ಗಿಸಬೇಕು ಅನ್ನೋದೂ ಹಾಗೇ. ಮಲದ 4 ಇಂಚಿನ ಪೈಪಿಗೆ 10 ಅಡಿಗೆ 3 ಇಂಚು ಇಳಿಜಾರು ಕೊಟ್ಟರೆ ಒಳ್ಳೆಯದು. ಅದಕ್ಕೆ ಬಚ್ಚಲುಗಳು ಒಂದರ ಮೇಲೊಂದು, ಡಕ್ಟಿನ (ಪೈಪು ಇಳಿಯೋ ಕಿಂಡಿಯ) ಪಕ್ಕದಲ್ಲೇ ಇರಲಿ.

ಫೀಸು ಚದರ ಅಡಿಗೆ ಇಷ್ಟು ಅಂತಲೋ, ಒಟ್ಟು ಖರ್ಚಿನ ಶೇಕಡಾವಾರೋ, ಒಂದೇ ಮೊತ್ತವೋ ಹೇಳ್ತಾರೆ. ದರಕ್ಕಿಂತ ಯಾವ ಹಂತಕ್ಕೆ ಎಷ್ಟು ಕೊಡೋದು ಅನ್ನೋದು ಮುಖ್ಯ. ನನ್ನ ಲೆಕ್ಕ ಹೀಗೆ: ಶುರುವಿಗೆ ಶೇ 10, ಪ್ಲಾನ್ ಒಪ್ಪಿಗೆಯಾದಾಗ 25, ಪರವಾನಗಿ ಹಾಳೆಗೆ 15, ಕೆಲಸದ ಹಾಳೆಗಳೆಲ್ಲ ಬಂದಾಗ 30, ಉಳಿದ 20 ಸೈಟಿಗೆ ಬರುವ ಭೇಟಿಗಳ ಜೊತೆ. ಎಷ್ಟು ಸಲ ತಿದ್ದಿಕೊಡ್ತಾರೆ, ಎಷ್ಟು ಭೇಟಿ, ಸ್ಟ್ರಕ್ಚರಲ್ ಫೀಸು ಒಳಗೋ ಹೊರಗೋ, ಜಿಎಸ್‌ಟಿ ಸೇರಿದೆಯೋ ಬರೆಸಿಕೋ. ಮಾರ್ಕಿಂಗ್, ಫುಟಿಂಗ್ ಕಂಬಿ, ಪ್ಲಿಂತ್, ಪ್ರತಿ ಮೋಲ್ಡಿನ ಹಿಂದಿನ ದಿನ, ಈ ಭೇಟಿಗಳನ್ನು ಹೆಸರಿಟ್ಟೇ ಬರೆಸು. ಸುಮ್ಮನೆ ‘ಹತ್ತು ಭೇಟಿ’ ಅಂದರೆ ಹತ್ತೂ ಪೇಂಟಿಂಗ್ ಹೊತ್ತಿಗೆ ಮುಗಿಸ್ತಾರೆ. ನಕ್ಷೆಯ ಕಾಪಿರೈಟು ಆರ್ಕಿಟೆಕ್ಟರದೇ ಆದರೂ, ನಿಮ್ಮ ಮನೆಗೆ ಬಳಸೋ ಹಕ್ಕು ಮತ್ತು ಕ್ಯಾಡ್ ಫೈಲು ನಿಮಗೆ ಅಂತ ಸೇರಿಸಿಕೊಳ್ಳಿ.

ಪರವಾನಗಿಗೆ ಒಂದು, ಕಟ್ಟೋಕೆ ಇನ್ನೊಂದು ಪ್ಲಾನ್ ಅಂತ ಯಾರಾದರೂ ಸಲೀಸಾಗಿ ಹೇಳಿದರೆ ಒಪ್ಪಬೇಡಿ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ವಾಧೀನ ಪತ್ರ (ಓಸಿ, ಮಂಜೂರಾದ ಪ್ಲಾನಿನಂತೆ ಕಟ್ಟಿದೆ ಅಂತ ಕಚೇರಿ ಕೊಡೋ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂದ ಮೇಲೆ ಎಷ್ಟೋ ಹೊಸ ಮನೆಗಳಿಗೆ ಮೀಟರು ಸಿಗೋದೇ ನಿಂತುಹೋಯ್ತು. ಸಣ್ಣ ಸೈಟಿಗೆ ಆಮೇಲೆ ವಿನಾಯಿತಿ ಬಂತು ನಿಜ, ಆದರೆ ಅದನ್ನು ನಂಬಿ ಪಕ್ಕದ 3 ಅಡಿಯನ್ನು ಒಂದೂವರೆ ಮಾಡೋದು ಬೇಡ. ಪಕ್ಕದವರೂ ಹಾಗೇ ಮಾಡಿದರೆ ನಿಮ್ಮ ಕಿಟಕಿಗೆ ಬೆಳಕೇ ಇರೋದಿಲ್ಲ.

ಮೊದಲ ಪ್ಲಾನ್ ಬಂದಾಗ ವಾಟ್ಸಾಪಿನಲ್ಲಿ ಫೋಟೋ ತೆಗೆದು ಕಳಿಸಬೇಡ, ಅಕ್ಷರ ಕಾಣೋದಿಲ್ಲ. ಪಿಡಿಎಫ್ ಕಳಿಸು, ಮೆಟ್ಟಿಲಿನ ಸೆಕ್ಷನ್ ಸಮೇತ. ಅಳಿಯಂದಿರಿಗೆ ಕರ್ಣ ಅಳೆಯೋಕೆ 100 ಅಡಿ ಟೇಪು ಬೇಕಾಗುತ್ತೆ, ಮನೆಯಲ್ಲಿರೋ 16 ಅಡಿಯದ್ದು ಸಾಲದು.

ನಿನ್ನ
ಅಮ್ಮ