ದಾಕ್ಷಿಣ್ಯಕ್ಕೆ ಬರೆದ ಒಂದು ಸಾಲು

ಪ್ರೀತಿಯ ತಂಗಿ,

ನಿನ್ನ ಪತ್ರವನ್ನೂ ಜೊತೆಗಿಟ್ಟ ಮೂರು ವಿಮರ್ಶೆಗಳನ್ನೂ ಓದಿದೆ. ‘ಮಕ್ಕಳ ಪುಸ್ತಕದ ಬಗ್ಗೆ ಬರೆಯೋದು ನಿಲ್ಲಿಸಿಬಿಡಲಾ ಅಕ್ಕಾ?’ ಅಂತ ಕೇಳಿದ್ದೀಯಲ್ಲ, ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎಷ್ಟು ಪದ ಬರೆಯಬೇಕು, ಕಥೆ ಎಷ್ಟು ಹೇಳಬೇಕು, ಸ್ಟಾರ್ ಕೊಡಬೇಕಾ ಬೇಡವಾ ಅಂತೆಲ್ಲ ಕೇಳಿದ್ದೀಯ. ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ. ಇಪ್ಪತ್ತು ಪುಸ್ತಕ ಆಗುವಷ್ಟರಲ್ಲಿ ಕೈಗೆ ತಾನಾಗಿ ಬರುತ್ತದೆ. ನನಗೆ ಮಾತಾಡಬೇಕಿರುವುದು ನಿನ್ನ ಎರಡನೇ ವಿಮರ್ಶೆಯ ಕೊನೇ ಸಾಲಿನ ಬಗ್ಗೆ. ‘ಒಟ್ಟಿನಲ್ಲಿ ಹದಿಹರೆಯದ ಎಲ್ಲರೂ ಓದಲೇಬೇಕಾದ ಪುಸ್ತಕ.’ ಮೇಲಿನ ನಾಲ್ಕು ಪ್ಯಾರಾ ಓದಿದರೆ ಪುಸ್ತಕ ನಿನಗೆ ಹಿಡಿಸಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮತ್ತೆ ಈ ಸಾಲು ಎಲ್ಲಿಂದ ಬಂತು? ಪತ್ರದಲ್ಲಿ ನೀನೇ ಹೇಳಿದ್ದೀಯ. ಲೇಖಕರು ಪುಸ್ತಕ ಉಚಿತವಾಗಿ ಕಳಿಸಿದ್ದರು, ಎರಡು ಸಲ ಫೋನ್ ಮಾಡಿ ವಿಚಾರಿಸಿದ್ದರು, ‘ಪಾಪ, ತುಂಬಾ ಒಳ್ಳೆಯವರು’. ಮೊದಲ ವಿಮರ್ಶೆಗೆ ಇನ್ನೊಬ್ಬ ಲೇಖಕರು ಕೆಟ್ಟದಾಗಿ ಬೈದ ಮೇಲೆ ನಿನಗೆ ಹೆದರಿಕೆಯೂ ಆಗಿದೆ. ಇದು ದಾಕ್ಷಿಣ್ಯಕ್ಕೆ ಬಂದ ಸಾಲು, ತಂಗಿ.

ಇಂಥದೊಂದು ಸಾಲನ್ನು ನಾನೂ ಬರೆದಿದ್ದೇನೆ. ಇಪ್ಪತ್ತೆರಡು ವರ್ಷ ಆಯಿತು. ಪರಿಚಯದವರೊಬ್ಬರ ಕಾದಂಬರಿ, ಹದಿಹರೆಯದವರಿಗೆ ಅಂತ ಬರೆದದ್ದು. ಕೊನೇ ನಲವತ್ತು ಪುಟ ಓದುವ ಮೊದಲೇ ವಿಮರ್ಶೆ ಬರೆದು ಕೊಟ್ಟೆ. ‘ಪ್ರತಿಯೊಬ್ಬ ಹುಡುಗಿಯ ಕೈಯಲ್ಲೂ ಇರಬೇಕಾದ ಪುಸ್ತಕ’ ಅಂತ ಬರೆದೆ. ಆಗ ನಾನು ಶನಿವಾರ ಶನಿವಾರ ಒಂದು ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕೂರುತ್ತಿದ್ದೆ. ಹದಿನಾಲ್ಕು ವರ್ಷದ ಒಬ್ಬಳು ನನ್ನ ಮಾತು ನಂಬಿ ಪುಸ್ತಕ ತೆಗೆದುಕೊಂಡು ಹೋದಳು. ಸ್ವಲ್ಪ ದಪ್ಪಗಿದ್ದ ಹುಡುಗಿ, ಯಾವಾಗಲೂ ಕಿಟಕಿ ಪಕ್ಕದ ಮೂಲೆಯಲ್ಲೇ ಕೂತು ಓದುತ್ತಿದ್ದಳು. ಮುಂದಿನ ವಾರ ಪುಸ್ತಕ ವಾಪಸ್ ತಂದು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ‘ಮೇಡಂ, ನೀವು ಇದನ್ನ ಪೂರ್ತಿ ಓದಿದ್ರಾ?’ ಅಂತ ಕೇಳಿದಳು. ಅಷ್ಟೇ. ಅವತ್ತು ರಾತ್ರಿ ಕೊನೇ ಪುಟಗಳನ್ನು ಓದಿದೆ. ದಪ್ಪಗಿದ್ದಾಳೆ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದ ನಾಯಕಿ ಊಟ ಬಿಟ್ಟು ತೆಳ್ಳಗಾಗುತ್ತಾಳೆ, ಆಮೇಲೆ ಅವಳಿಗೆ ಸ್ನೇಹಿತರು ಸಿಗುತ್ತಾರೆ. ಅದೇ ಸುಖಾಂತ್ಯ. ಆ ಹುಡುಗಿ ಮತ್ತೆ ಯಾವತ್ತೂ ನನ್ನ ಹತ್ತಿರ ‘ಏನು ಓದಲಿ’ ಅಂತ ಕೇಳಲಿಲ್ಲ. ಆ ಲೇಖಕರು ಈಗಲೂ ಸಿಕ್ಕಾಗ ನನ್ನ ವಿಮರ್ಶೆ ನೆನೆಸಿಕೊಂಡು ಧನ್ಯವಾದ ಹೇಳುತ್ತಾರೆ. ಒಳಗೆ ಚುಚ್ಚಿದ ಹಾಗಾಗುತ್ತದೆ.

ದೊಡ್ಡವರ ಪುಸ್ತಕದ ಬಗ್ಗೆ ಸುಳ್ಳು ಬರೆದರೆ ಓದುವವರು ಬೈದುಕೊಂಡು ಬೇರೆ ಪುಸ್ತಕ ತೆಗೆದುಕೊಳ್ಳುತ್ತಾರೆ. ಮಗು ಹಾಗಲ್ಲ. ‘ಎಲ್ಲರೂ ಚೆನ್ನಾಗಿದೆ ಅಂತಿದ್ದಾರೆ, ನನಗೇ ಓದಕ್ಕೆ ಬರಲ್ಲ’ ಅಂದುಕೊಂಡು ಪುಸ್ತಕವನ್ನೇ ದೂರ ಇಡುತ್ತದೆ. ಬೈದ ಆ ಲೇಖಕರು ನಾಲ್ಕು ದಿನದಲ್ಲಿ ಸುಮ್ಮನಾಗುತ್ತಾರೆ. ಅವರಿಗೆ ನೀನು ಉತ್ತರ ಬರೆಯಲೂ ಬೇಡ.

ಈ ಕೆಲಸಕ್ಕೆ ದುಡ್ಡಿಲ್ಲ ಅಂತ ಅರ್ಧ ಬೇಸರದಲ್ಲಿ ಬರೆದಿದ್ದೀಯ. ನಿಜ, ಬಸ್ ಚಾರ್ಜಿನಷ್ಟೂ ಹುಟ್ಟುವುದಿಲ್ಲ. ಆದರೆ ಸಂಬಳ ಇಲ್ಲ ಅಂದಮೇಲೆ ಯಾರ ಹಂಗೂ ಇಲ್ಲ ಅಲ್ವಾ? ಒಂದು ಉಚಿತ ಪ್ರತಿಗೆ ಆ ಸ್ವಾತಂತ್ರ್ಯ ಬಿಟ್ಟುಕೊಡಬೇಡ. ಹಾಗಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದು ತಪ್ಪಿಸಿಕೊಳ್ಳಲೂ ಬೇಡ. ನಿನ್ನ ಮೊದಲ ವಿಮರ್ಶೆಯಲ್ಲಿ ಆ ಚಾಳಿ ಸ್ವಲ್ಪ ಇದೆ. ಓದುವಾಗ ನನಗೆ ಸಿಟ್ಟು ಬಂತು.

‘ನನ್ನ ಅಭಿಪ್ರಾಯವೇ ತಪ್ಪಾದರೆ?’ ಅಂತ ಕೇಳಿದ್ದೀಯ. ತಪ್ಪಾಗುತ್ತದೆ. ಆನ್ ಕ್ಯಾರೊಲ್ ಮೂರ್ ಅವರಿಗೂ ತಪ್ಪಾಗಿತ್ತು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಮಕ್ಕಳ ವಿಭಾಗವನ್ನು ಕಟ್ಟಿ ಬೆಳೆಸಿದವರು ಅವರು. ದಾಕ್ಷಿಣ್ಯಕ್ಕೆ ಸಿಗುವವರಲ್ಲ. ಅವರಿಗೆ ಬೇಕಿದ್ದದ್ದು ಕಲ್ಪನೆಯ ಲೋಕದ ಕಥೆ. ಮಗುವಿನ ದಿನನಿತ್ಯದ ಸಾಮಾನುಗಳನ್ನೇ ಹೇಳುವ ಹೊಸ ಬಗೆಯ ಪುಸ್ತಕ ಅವರಿಗೆ ರುಚಿಸುತ್ತಿರಲಿಲ್ಲ. ಮಲಗುವ ಮುನ್ನ ಕೋಣೆಯ ಸಾಮಾನುಗಳಿಗೆಲ್ಲ ಗುಡ್‌ನೈಟ್ ಹೇಳುವ ಚಿತ್ರಪುಸ್ತಕ ‘ಗುಡ್‌ನೈಟ್ ಮೂನ್’ ಬಂದದ್ದು 1947ರಲ್ಲಿ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು, ಆದರೂ ಅವರ ಮಾತು ನಡೆಯುತ್ತಿತ್ತು. ಆ ಲೈಬ್ರರಿಯ ಕಪಾಟಿಗೆ ಪುಸ್ತಕ ಸೇರಿದ್ದು 1972ರಲ್ಲಿ! ಇಪ್ಪತ್ತೈದು ವರ್ಷ. ಆ ಪುಸ್ತಕದಲ್ಲಿ ಕೋಣೆಯ ಬಣ್ಣದ ಚಿತ್ರ ಬಂದಾಗಲೆಲ್ಲ ಒಂದು ಪುಟ್ಟ ಇಲಿ ಜಾಗ ಬದಲಿಸುತ್ತಾ ಹೋಗುತ್ತದೆ. ದೊಡ್ಡವರು ಅಕ್ಷರ ಓದುತ್ತಿರುತ್ತಾರೆ, ಮಗು ಇಲಿಯನ್ನು ಹುಡುಕುತ್ತಿರುತ್ತದೆ. ಪ್ರಾಮಾಣಿಕವಾಗಿ ಬರೆದರಷ್ಟೇ ಸಾಲದು ಅಂತ ನಾನು ಅನ್ನುವುದು ಇದಕ್ಕೇ. ಪಕ್ಕದಲ್ಲಿ ಒಂದು ಮಗು ಇರಬೇಕು.

ಈಗ ನಿನ್ನ ಮೂರನೇ ವಿಮರ್ಶೆ. ಮೂವತ್ತೆರಡು ಪುಟದ ಚಿತ್ರಪುಸ್ತಕ, ಆದರೆ ಚಿತ್ರದ ಬಗ್ಗೆ ಒಂದೇ ಒಂದು ಮಾತಿಲ್ಲ. ನೀತಿ ಏನು ಅಂತ ಮಾತ್ರ ಬರೆದಿದ್ದೀಯ. ಪುಟ ತಿರುಗಿಸುವ ಮೊದಲು ಮಗುವಿಗೆ ಏನು ಕಾಣುತ್ತದೆ, ತಿರುಗಿಸಿದ ಮೇಲೆ ಏನು ಕಾಣುತ್ತದೆ, ಚಿತ್ರಪುಸ್ತಕದ ಕಥೆ ನಡೆಯುವುದೇ ಅಲ್ಲಿ. ಆದರೂ ನಡುವೆ ಒಂದು ಸಾಲು ಬರೆದಿದ್ದೀಯ: ‘ನಮ್ಮ ದೊಡ್ಡಕ್ಕನ ಮಗ ಹತ್ತನೇ ಪುಟ ಬಂದಾಗ ಬೆರಳಿಟ್ಟುಕೊಂಡು ಬಿಡಲೇ ಇಲ್ಲ.’ ಮೂರೂ ವಿಮರ್ಶೆಗಳಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಅದು. ಅದನ್ನು ಓದಿದ ಮೇಲೇ ನಿನಗೆ ಇಷ್ಟು ಉದ್ದದ ಪತ್ರ ಬರೆಯಬೇಕು ಅನಿಸಿದ್ದು.

ಅವನ ಹತ್ತಿರ ಮತ್ತೆ ಹೋಗು. ಪುಸ್ತಕ ಅವನ ಕೈಗೆ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತಿರು, ಏನೂ ಕೇಳಬೇಡ. ಆ ಪುಟದಲ್ಲಿ ಅವನ ಬೆರಳು ಯಾವುದರ ಮೇಲಿತ್ತು ಅಂತ ನೋಡಿ ನನಗೆ ಬರೆ. ಎರಡನೇ ವಿಮರ್ಶೆಯ ಕೊನೇ ಸಾಲು ಹೊಡೆದುಹಾಕಿ ಆ ವಿಮರ್ಶೆಯನ್ನೂ ಜೊತೆಗೆ ಕಳಿಸು.

ಇಂತಿ,
ನಿನ್ನ ಅಕ್ಕ