ಮಗಳಿಗೊಂದು ಪತ್ರ: ನಿನ್ನ ಕೋ-ಆಪ್ ಫಾರಂ

ಪುಟ್ಟಿ,

ನಿನ್ನೆ ರಾತ್ರಿ ನೀನು ರೂಮಿನ ಬಾಗಿಲು ಹಾಕಿಕೊಂಡ ಮೇಲೆ ನಾನು ಆ ಫಾರಂ ಎದುರಿಗಿಟ್ಟುಕೊಂಡು ಅಡುಗೆಮನೆಯಲ್ಲೇ ಕೂತಿದ್ದೆ. ಯಾರು ಯಾರಿಗೆ ಏನಂದರು ಅನ್ನೋದು ಬೇಡ. ಒಂದು ಮಾತು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ. 'ಬಿಟ್ಟಿ ಚಾಕರಿ' ಅಂದಿದ್ದು ತಪ್ಪು. ಕೋ-ಆಪ್ ಅಂದರೆ ಹೈಸ್ಕೂಲಿನ ಓದಿನ ಭಾಗವಾಗೇ ಹೊರಗೆ ಕೆಲಸ ಕಲಿಯೋದು, 220 ಗಂಟೆ ಗ್ಯಾರೇಜಲ್ಲಿ ಕೆಲಸ ಮಾಡಿದರೆ ಎರಡು ಕ್ರೆಡಿಟ್ ಅಂತ ನೀನು ಹೇಳಿದಾಗ ನನಗೆ ಕೇಳಿಸಿದ್ದು ಸಂಬಳ ಇಲ್ಲ ಅನ್ನೋದಷ್ಟೇ. (ದಾವಣಗೆರೆಯ ನಿನ್ನ ಅತ್ತೆ ಕೋ-ಆಪ್ ಅಂದರೆ ಹಾಲಿನ ಸೊಸೈಟಿ ಅಂದುಕೊಂಡಿದ್ದಾಳೆ. ನಾನೂ ತಿದ್ದಲು ಹೋಗಿಲ್ಲ.)

ಗ್ಯಾರೇಜ್ ಬೇಡ, ಕೋ-ಆಪ್‌ಗೆ ಫಾರ್ಮಸಿಗೆ ಹೋಗು, ಯೂನಿವರ್ಸಿಟಿಗೆ ಅನುಕೂಲ ಅಂತೆಲ್ಲ ವಾದ ಮಾಡಿದೆನಲ್ಲ, ಅದೆಲ್ಲ ಸುಮ್ನೆ. ನನಗಿದ್ದದ್ದು ಕಾರು ಎತ್ತುವ ಜಾಕ್‌ನ ಭಯ.

ಎಂಟನೇ ಕ್ಲಾಸಿನ ಬೇಸಿಗೆ ರಜೆ. ನನ್ನ ಸೋದರಮಾವನ ಗ್ಯಾರೇಜು. ಅಲ್ಲಿ ಕೆಲಸ ಕಲಿಯಲು ಬಿಟ್ಟಿದ್ದ ಹುಡುಗನಿಗೆ ನನ್ನದೇ ವಯಸ್ಸು, ಹದಿನಾಲ್ಕು. ಅಂಬಾಸಿಡರ್ ಒಂದನ್ನು ಜಾಕ್ ಕೊಟ್ಟು ಎತ್ತಿದ್ದರು. ಕಾರಿನ ಅಡಿಗೆ ಆಸರೆಯಾಗಿ ಇಡಲು ಮರದ ದಿಮ್ಮಿ ತಾ ಅಂತ ಮಾವ ಕಳಿಸಿದ್ದು ನನ್ನನ್ನು. ಹೋದವನು ಗೋಲಿಸೋಡಾ ಗಾಡಿ ನೋಡಿ ನಿಂತೆ. ಸೋಡಾ ಕುಡಿದೆ, ಗೋಲಿ ಅಲ್ಲಾಡಿಸಿ ಆಟವನ್ನೂ ಆಡಿದೆ. ಅಷ್ಟರಲ್ಲಿ ಆ ಹುಡುಗ ಕಾಯದೆ ಕಾರಿನಡಿ ಕೈ ಹಾಕಿದ್ದ. ಜಾಕ್ ಜಾರಿತು. ಎರಡು ಬೆರಳು ಹೋದವು. ಮಾವ ಅವನ ಅಪ್ಪನ ಕೈಗೆ ಒಂದಿಷ್ಟು ದುಡ್ಡು ಇಟ್ಟ, ಮುಗೀತು. ದಿಮ್ಮಿ ಎಲ್ಲಿ ಅಂತ ನನ್ನನ್ನು ಯಾರೂ ಕೇಳಲಿಲ್ಲ. ನಿಮ್ಮಮ್ಮನಿಗೂ ಹೇಳಿಲ್ಲ ಇದನ್ನ. ಎರಡು ನಿಮಿಷ ತಡವಾಗಿರಬಹುದು ಅಂತ ಇಷ್ಟು ವರ್ಷ ಲೆಕ್ಕ ಹಾಕುತ್ತಿದ್ದೇನೆ. ಐದೇ ಇರಬೇಕು. ಸೋಡಾ ತಣ್ಣಗಿತ್ತು, ಅದು ಕೂಡ ನೆನಪಿದೆ.

ಇಲ್ಲಿ ಕಾರೆತ್ತಲು ಲಿಫ್ಟ್ ಇದೆ, ವಿಮೆ ಇದೆ, ಟೀಚರ್ ಬಂದು ನೋಡ್ತಾರೆ ಅಂತ ನೀನು ಅಂದೆ. ಸರಿ. ಆದರೆ ವಿಮೆ ಬೆರಳು ತಂದುಕೊಡಲ್ಲ. ರಾತ್ರಿ ಕೂತು ಓದಿದೆ: ಕೆನಡಾದ ನಮ್ಮ ಈ ಒಂಟಾರಿಯೊ ಪ್ರಾಂತ್ಯದಲ್ಲಿ 2014ರಿಂದ ಸಂಬಳವಿಲ್ಲದ ಕೋ-ಆಪ್ ವಿದ್ಯಾರ್ಥಿಯೂ ಸುರಕ್ಷತೆ ಕಾನೂನಿನ ಪ್ರಕಾರ ಕೆಲಸಗಾರನೇ. ಅಪಾಯ ಅನ್ನಿಸಿದರೆ ಮಾಡಲ್ಲ ಅನ್ನಬಹುದು. ಅನ್ನು. ಹೊಸಬಳು, ಹುಡುಗಿ, ಹೆದರಿದಳು ಅಂದುಕೊಳ್ತಾರೆ ಅಂತ ಸುಮ್ಮನಿರಬೇಡ. ಕೂದಲು ಕಟ್ಟು. ಅಜ್ಜಿ ಕೊಟ್ಟ ಉಂಗುರ ಮನೆಯಲ್ಲೇ ಬಿಡು. ಫೋನ್ ನೋಡುತ್ತ ನಡೆಯಬೇಡ, ಯಾರಾದರೂ ಏನಾದರೂ ತರಲು ಕಳಿಸಿದರೆ ನೇರ ಹೋಗಿ ನೇರ ಬಾ. ಭಾಷಣ ಶುರುವಾಯ್ತು, ಗೊತ್ತು.

ನಾನು ಈ ಊರಿಗೆ, ಬ್ರಾಂಪ್ಟನ್‌ಗೆ ಬಂದ ಹೊಸದರಲ್ಲಿ ಹೋದ ಕಡೆಯೆಲ್ಲ ಕೇಳಿದ್ದು ಇಲ್ಲಿನ ಅನುಭವ ಇದೆಯಾ ಅಂತ. ಇಂಜಿನಿಯರಿಂಗ್ ಸರ್ಟಿಫಿಕೇಟ್ ಹಿಡಿದುಕೊಂಡು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದೆ. ನಿನಗೆ ಆ ಅನುಭವ ಹದಿನೇಳಕ್ಕೇ ಸಿಗುತ್ತಿದೆ, ಅದೂ ಇಂಟರ್‌ವ್ಯೂಗೆ ನೀನೇ ಹೋಗಿ ಗಿಟ್ಟಿಸಿಕೊಂಡಿದ್ದು. ನಿನ್ನೆ ಇದನ್ನ ಮೊದಲು ಹೇಳಬೇಕಿತ್ತು. ಆಮೇಲೆ ಅಪ್ರೆಂಟಿಸ್ ಆಗಿ ಅದೇ ಕಸುಬು ಹಿಡೀತೀನಿ ಅಂದೆಯಲ್ಲ, ಆ ಜಗಳ ಇನ್ನೂ ಬಾಕಿ ಇದೆ.

ಫಾರಂ ಫ್ರಿಜ್ ಮೇಲಿದೆ, ಸಹಿ ಹಾಕಿದ್ದೇನೆ. ಗ್ಯಾರೇಜಿಗೆ ಹಾಕುವ ಸೇಫ್ಟಿ ಶೂ ಶನಿವಾರ ತರೋಣ. ಕಾಲ್ಬೆರಳು, ಅಂಗಾಲು ಎರಡನ್ನೂ ಕಾಯುತ್ತೆ ಅನ್ನೋ ಹಸಿರು ತ್ರಿಕೋನದ ಗುರುತು ಇರೋದೇ ಬೇಕು. ಬೆಲೆ ನೋಡಬೇಡ.

ಅಪ್ಪ